ಏಟು ಬೀಳುವ ಮೊದಲಿನ ನಿಮಿಷ

ಕೆಲಸದಲ್ಲಿ ನನಗೆ ಮೊದಲ ಏಟು ಬಿದ್ದದ್ದು ಒಬ್ಬ ಮೇಷ್ಟರ ಕೈಯಿಂದ.

ಹೊಸನಗರದ ಕಡೆಯ ಒಂದು ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿ ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಮೇಷ್ಟರು ನಿವೃತ್ತರು, ಸಕ್ಕರೆ ಕಾಯಿಲೆಯವರು. ಕಾಲಿನ ಗಾಯ ಒಣಗದೆ ವಾರ್ಡಿನಲ್ಲಿದ್ದರು. ಆಸ್ಪತ್ರೆಯ ಸಿಬ್ಬಂದಿಯಲ್ಲಿ ಎಷ್ಟೋ ಜನ ಅವರ ಹತ್ತಿರ ಮಗ್ಗಿ ಕಲಿತವರು. ಹುಡುಗರಿಗೆ ಬೆತ್ತ ಮುಟ್ಟಿಸದ ಮೇಷ್ಟರು ಎಂದು ಅವರಿಗೆ ಹೆಸರಿತ್ತು. ಆ ಬೆಳಿಗ್ಗೆ ಡ್ರೆಸ್ಸಿಂಗ್ ಮಾಡಲು ಅವರ ಮಂಚದ ಹತ್ತಿರ ಬಗ್ಗಿ, "ಮೇಷ್ಟ್ರೇ, ಸ್ವಲ್ಪ ಕಾಲು ನೀಡಿ" ಎಂದೆ. ಛಟೀರೆಂದು ಕೆನ್ನೆಗೆ ಬಿತ್ತು.

"ಕಳ್ಳಿ! ಕಾಲು ಕದ್ಕೊಂಡು ಹೋಗಕ್ಕೆ ಬಂದಿದೀಯಾ?" ಎಂದು ಕೂಗಿದರು.

ಇಡೀ ವಾರ್ಡು ನನ್ನನ್ನೇ ನೋಡುತ್ತಿತ್ತು. ನೋವಿಗಿಂತ ನಾಚಿಕೆಗೆ ಅಳು ಬಂತು. ವಾರ್ಡಿನ ಹಿರಿಯ ಸಿಸ್ಟರ್ ಫಿಲೋಮಿನಾ ಎಂಬವರು, ಮಂಗಳೂರು ಕಡೆಯವರು, ಸದ್ದು ಕೇಳಿ ಬಂದರು. ಅವರು ನನ್ನ ಕೆನ್ನೆಯನ್ನು ನೋಡಲೇ ಇಲ್ಲ. ನೇರ ಹೋಗಿ ಮೇಷ್ಟರ ಅಂಗೈ ಹಿಡಿದುಕೊಂಡರು.

"ಇದು ನೋಡು ಮಾರಾಯ್ತಿ. ಬೆವರು ಉಂಟು, ಕೈ ಐಸಿನ ಹಾಗೆ ಉಂಟು. ಇವರು ತಿಂಡಿ ತಿಂದಿದ್ದಾರಾ?"

ತಿಂದಿರಲಿಲ್ಲ. ಇನ್ಸುಲಿನ್ ಕೊಟ್ಟಾಗಿತ್ತು. ತಿಂಡಿ ತರಬೇಕಿದ್ದ ಅವರ ಹೆಂಡತಿಗೆ ಬಸ್ಸು ತಪ್ಪಿತ್ತು. ರಕ್ತದಲ್ಲಿ ಸಕ್ಕರೆ ತೀರಾ ಇಳಿದು ತಲೆ ಕೆಟ್ಟಿತ್ತು. ಫಿಲೋಮಿನಾ ಸಿಸ್ಟರ್ ಸಕ್ಕರೆ ನೀರನ್ನು ಚಮಚ ಚಮಚವಾಗಿ ಬಾಯಿಗೆ ಬಿಟ್ಟರು. ಬೈಯುತ್ತಲೇ ಕುಡಿದ ಮೇಷ್ಟರು ಸ್ವಲ್ಪ ಹೊತ್ತಿಗೆ ಸುಮ್ಮನಾದರು. ಕಣ್ಣು ತಿಳಿಯಾಯಿತು. ನನ್ನನ್ನು ನೋಡಿ, "ಎಂತಾಯ್ತೇ ತಂಗಿ? ಕೆನ್ನೆ ಎಂತಕ್ಕೆ ಕೆಂಪಾಗಿದ್ದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಫಿಲೋಮಿನಾ ಸಿಸ್ಟರ್, "ಬಾಗಿಲು ತಾಗಿತು ಮೇಷ್ಟ್ರೇ" ಎಂದುಬಿಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಯಾರಾದರೂ ಹೊಡೆಯಲಿಕ್ಕೆ ಬಂದರೆ ಮುಖ ನೋಡಬೇಡ, ಕೈ ನೋಡು. ಕಾಯಿಲೆಯ ಕೈ ಬೇರೆ, ಮನುಷ್ಯನ ಕೈ ಬೇರೆ" ಎಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದೇ ಕೈ, ಒಂದೇ ಮನುಷ್ಯ. ಏಟಿಗೂ ಮರುಕಕ್ಕೂ ನಡುವೆ ಇದ್ದದ್ದು ಎರಡು ಚಮಚ ಸಕ್ಕರೆ. ಹಾಗಾದರೆ ಉಳಿದವರು ಹೊಡೆಯುವಾಗ ಏನು ಕಡಿಮೆಯಾಗಿರುತ್ತದೆ?

ನನ್ನ ಹೆಸರು ಯಶೋದಾ. ಆನಂದಪುರದ ಹತ್ತಿರದ ಹಳ್ಳಿಯವಳು. ಅಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದವರು, ಆಮೇಲೆ ಅದೇ ಗದ್ದೆಯ ಒಡೆಯರಾದವರು. ಹೊಸನಗರ, ತೀರ್ಥಹಳ್ಳಿ, ಸಾಗರ ಈ ಮೂರು ಕಡೆಯ ಆಸ್ಪತ್ರೆಗಳಲ್ಲಿ ದುಡಿದು ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಬಡ್ತಿ, ವರ್ಗಾವಣೆಯ ಕಥೆ ಇಲ್ಲಿ ಬೇಡ. ಆಸ್ಪತ್ರೆಗಳ ಹೆಸರೂ ಬೇಡ. ಯಾವ ಆಸ್ಪತ್ರೆಯಲ್ಲಿ ಬೇಕಾದರೂ ಇದು ನಡೆಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮನೆಗೆ ಬಂದಾಗ ಔಷಧದ ವಿಷಯ ಕೇಳುವುದಿಲ್ಲ. ಟೀ ಕುಡಿದು, ಲೋಟ ಕೆಳಗಿಡುವಾಗ, "ಆಂಟಿ, ನಿಮಗೂ ಯಾರಾದ್ರೂ ಹೊಡ್ದಿದಾರಾ?" ಎಂದು ಕೇಳುತ್ತಾರೆ. ಈಗ ಹುಡುಗರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಅವರು ಬಾಯಿಬಿಟ್ಟು ಕೇಳುವುದಿಲ್ಲ, ಕಿವಿ ಮಾತ್ರ ಇತ್ತ ಇರುತ್ತದೆ. ಹೊಡೆದಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯ ಕಡೆ ಇದ್ದಾಗ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಜ್ವರದವರು ಬರುತ್ತಿದ್ದರು. ಮೇಳಿಗೆಯ ಆಚೆಯಿಂದ ಬಂದ ಒಬ್ಬಾತ, ಕಾಡಿಗೆ ಸೌದೆಗೆ ಹೋಗುತ್ತಿದ್ದವನು, ಜ್ವರ ತಲೆಗೇರಿ ನನ್ನ ಮುಂಗೈಯನ್ನು ಕಚ್ಚಿದ. ಹಲ್ಲಿನ ಗುರುತು ತಿಂಗಳುಗಟ್ಟಲೆ ಇತ್ತು. ಆದರೆ ಅವನು ನನಗಿಂತ ಮೊದಲು ಹೆಂಡತಿಯ ಕೈ ಕಚ್ಚಿದ್ದ, ದಿಂಬು ಕಚ್ಚಿದ್ದ, ಮಂಚದ ಕಬ್ಬಿಣ ಕಚ್ಚಿ ತುಟಿ ಹರಿದುಕೊಂಡಿದ್ದ. ಆ ಹಲ್ಲಿಗೆ ಯಾರು ಏನು ಎಂಬ ಭೇದ ಇರಲಿಲ್ಲ. ಅವನ ಮೇಲೆ ನನಗೆ ಸಿಟ್ಟೇ ಬರಲಿಲ್ಲ.

ಅದೇ ಆಸ್ಪತ್ರೆಯಲ್ಲಿ ಒಬ್ಬ ಸರ್ಜನ್ ಇದ್ದರು. ಕೈಗುಣ ಒಳ್ಳೆಯದು ಎಂದು ಆಗುಂಬೆಯಿಂದಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಆಪರೇಷನ್ ಥಿಯೇಟರಿನಲ್ಲಿ ಕೇಳಿದ್ದು ತಕ್ಷಣ ಕೈಗೆ ಬಾರದಿದ್ದರೆ ಕತ್ತರಿ, ಇಕ್ಕಳ, ಕೊನೆಗೆ ಟ್ರೇಯನ್ನೇ ಎಸೆಯುತ್ತಿದ್ದರು. ಒಮ್ಮೆ ಟ್ರೇಯ ಅಂಚು ನನ್ನ ಮಂಡಿಗೆ ತಾಗಿ ಬಾತುಕೊಂಡಿತು. "ಡಾಕ್ಟ್ರಿಗೆ ಸಿಟ್ಟು ಬಂದ್ರೆ ಕಣ್ಣು ಕಾಣ್ಸಲ್ಲ" ಎಂದು ಎಲ್ಲರೂ ಸಮಾಧಾನ ಹೇಳಿದರು.

ಕಾಣಿಸುವುದಿಲ್ಲವೇ ಎಂದು ನೋಡಬೇಕೆನಿಸಿತು. ನೋಡತೊಡಗಿದೆ. ಶಿವಮೊಗ್ಗದಿಂದ ಅರಿವಳಿಕೆ ಕೊಡುವ ಡಾಕ್ಟರು ಬಂದ ದಿನ ಏನೂ ಹಾರುತ್ತಿರಲಿಲ್ಲ. ಎಸೆಯುತ್ತಿದ್ದದ್ದೆಲ್ಲ ಸ್ಟೀಲು, ಗಾಜಿನ ಬಾಟಲಿಯನ್ನು ಒಮ್ಮೆಯೂ ಎಸೆದದ್ದಿಲ್ಲ. ನಮ್ಮ ಪೈಕಿ ಒಬ್ಬಳ ಗಂಡ ಪೊಲೀಸ್ ಇಲಾಖೆಯಲ್ಲಿದ್ದ. ಅವಳು ನಿಂತ ದಿಕ್ಕಿಗೆ ಏನೂ ಬರುತ್ತಿರಲಿಲ್ಲ. ಆ ಸಿಟ್ಟಿಗೆ ಕಣ್ಣಷ್ಟೇ ಅಲ್ಲ, ಕನ್ನಡಕವೂ ಇತ್ತು.

ಒಂದು ದಿನ ಆಪರೇಷನ್ ಚೆನ್ನಾಗಿ ಆಗಿ ಅವರು ಖುಷಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಕೇಳಿಯೇಬಿಟ್ಟೆ. "ಸಾರ್, ಸಿಟ್ಟು ಬರೋದು ನಿಮಗೆ ಮೊದಲು ಎಲ್ಲಿ ಗೊತ್ತಾಗುತ್ತೆ?"

ಪಕ್ಕದಲ್ಲಿದ್ದವರು ನನ್ನ ಸೀರೆ ಜಗ್ಗಿದರು. ಸರ್ಜನ್ ಬೈಯಲಿಲ್ಲ. ಅಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೋ ಏನೋ, ಲೋಟ ಹಿಡಿದುಕೊಂಡು ಯೋಚಿಸಿ, "ಕಿವಿ" ಎಂದರು. "ಕಿವಿ ಬಿಸಿಯಾಗುತ್ತೆ."

ಅಂದಿನಿಂದ ನಾವು ಅವರ ಕಿವಿ ನೋಡತೊಡಗಿದೆವು. ಟೋಪಿ, ಮಾಸ್ಕು ಹಾಕಿಕೊಂಡರೂ ಕಿವಿ ಕಾಣುತ್ತದಲ್ಲ. ಕೆಂಪಾಯಿತೋ, ಟ್ರೇಯನ್ನು ಅವರಿಗೆ ಎಟುಕದಷ್ಟು ದೂರ ಸರಿಸಿ ಬೇಕಾದ್ದನ್ನು ಒಂದೊಂದೇ ಕೈಗೆ ಕೊಡುವುದು. ಅವರು ವರ್ಗವಾಗಿ ಹೋಗುವ ತನಕ ಆಮೇಲೆ ಯಾರಿಗೂ ಗಾಯವಾಗಲಿಲ್ಲ. ಅವರು ಬದಲಾದರು ಎಂದು ಹೇಳುತ್ತಿಲ್ಲ. ನಾವು ಹುಷಾರಾದೆವು ಅಷ್ಟೇ. ಈಗ ಯೋಚಿಸಿದರೆ, ನಾಲ್ಕು ಜನ ಹೆಂಗಸರು ಹೊಲಿಗೆಯ ದಾರವನ್ನು ನೋಡುವುದು ಬಿಟ್ಟು ಒಬ್ಬ ಗಂಡಸಿನ ಕಿವಿ ನೋಡುತ್ತ ನಿಲ್ಲಬೇಕಾಗಿತ್ತಲ್ಲ ಎಂದು ವಿಚಿತ್ರವೆನಿಸುತ್ತದೆ.

ಇನ್ನೊಂದು ಬಗೆಯ ಕೈಯ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಹಲ್ಲೆ ಎಂದು ಯಾರೂ ಕರೆಯುವುದಿಲ್ಲ. ಹರ್ನಿಯಾ ಆಪರೇಷನ್ ಆಗಿ ಮಲಗಿದ್ದ ಒಬ್ಬ ಮರ್ಯಾದಸ್ಥರಿದ್ದರು. ಇಂಜೆಕ್ಷನ್ ಕೊಡಲು ಹೋದಾಗಲೆಲ್ಲ ಅವರ ಕೈ ನಮ್ಮ ಸೊಂಟಕ್ಕೋ ಎದೆಗೋ ತಾಗುತ್ತಿತ್ತು. "ಗೊತ್ತಾಗ್ಲಿಲ್ಲಮ್ಮ, ಮಂಪರು" ಎನ್ನುತ್ತಿದ್ದರು. ಹೆಂಡತಿ ಬಂದು ಕೂತ ಹೊತ್ತಿನಲ್ಲಿ ಆ ಮಂಪರು ಪೂರಾ ಇಳಿದಿರುತ್ತಿತ್ತು. ಅವರನ್ನು ನಮ್ಮ ಮೇಜಿನ ಎದುರಿನ ಮಂಚಕ್ಕೆ ಹಾಕಿಸಿದೆವು, ಇಬ್ಬಿಬ್ಬರಾಗಿ ಹೋಗತೊಡಗಿದೆವು. ಹುಡುಗಿಯರೇ, ಇಂಥದ್ದಾದಾಗ ಮರೆಮಾಡಬೇಡಿ. ಆ ದಿನವೇ ಜೊತೆಯವರಿಗೆ ಹೇಳಿ, ಮೇಲಿನವರಿಗೂ ಹೇಳಿ.

ಈಗ ಸಾಗರದ ಕಡೆ ಬರುತ್ತೇನೆ.

ಅಲ್ಲಿ ನಾನು ತುರ್ತು ಚಿಕಿತ್ಸೆ ವಿಭಾಗದ ಉಸ್ತುವಾರಿ ಸಿಸ್ಟರ್. ಮೊಬೈಲು, ಸಿಸಿಟಿವಿ ಎಲ್ಲ ಬಂದಾಗಿತ್ತು. ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಶಿಕ್ಷೆ ಎಂದು ಗೇಟಿನ ಹತ್ತಿರ ದೊಡ್ಡ ಬೋರ್ಡು. ಸಿಟ್ಟು ಬಂದವರು ನಿಂತು ಬೋರ್ಡು ಓದಿದ್ದನ್ನು ನಾನು ಕಂಡಿಲ್ಲ.

ಸಣ್ಣ ಊರಿನ ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಅಪಾಯದ ಮಾತು ಯಾವುದು ಗೊತ್ತೇ? ರೆಫರ್. ನಾವು, ಇಲ್ಲಿ ಆ ಸೌಲಭ್ಯವಿಲ್ಲ, ಶಿವಮೊಗ್ಗದಲ್ಲಿ ಇದೆ, ಅಲ್ಲಿಗೆ ಹೋದರೆ ಉಳಿಯುತ್ತಾರೆ ಎಂಬ ಅರ್ಥದಲ್ಲಿ ಹೇಳುತ್ತೇವೆ. ಕೇಳುವವರ ಕಿವಿಗೆ ಅದು "ನಮ್ಮ ಕೈಲಾಗಲ್ಲ, ಎತ್ಕೊಂಡು ಹೋಗಿ" ಎಂದು ಬೀಳುತ್ತದೆ. ಮೇಲಾಗಿ ಈ ಮಾತನ್ನು ಡಾಕ್ಟರು ಬರೆಯುತ್ತಾರೆ, ನರ್ಸು ಹೇಳುತ್ತಾಳೆ.

ಒಂದು ಮಧ್ಯಾಹ್ನ ಊಟದ ಹೊತ್ತು. ಸತೀಶ ಎಂಬವನು ತನ್ನ ತಂದೆಯನ್ನು ಆಟೋದಲ್ಲಿ ಕರೆತಂದ. ಸತೀಶ ನನಗೆ ಅಪರಿಚಿತನಲ್ಲ. ಹೊಸನಗರ ರಸ್ತೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ನಾನು ಎಷ್ಟೋ ವರ್ಷ ಆ ಬಸ್ಸಿನಲ್ಲಿ ಓಡಾಡಿದವಳು. ಕುಡಿದವರು, ಚಿಲ್ಲರೆಗೆ ಜಗಳ ತೆಗೆಯುವವರು, ಕೋಳಿ ಹಿಡಿದು ಹತ್ತುವವರು, ಎಲ್ಲರನ್ನೂ ನಗುತ್ತ ಸಂಭಾಳಿಸುವ ಹುಡುಗ. "ಯಶೋದಕ್ಕಂಗೆ ಸೀಟು ಬಿಡ್ರೋ, ನಾಳೆ ಸೂಜಿ ಚುಚ್ಚೋದು ಅವ್ರೇ" ಎಂದು ನನಗೆ ಜಾಗ ಮಾಡಿಸಿಕೊಡುತ್ತಿದ್ದ. ಆ ದಿನ ಡ್ಯೂಟಿಯಿಂದಲೇ ಓಡಿ ಬಂದಿದ್ದನೇನೋ, ಟಿಕೆಟ್ ಬ್ಯಾಗು ಹೆಗಲಲ್ಲೇ ಇತ್ತು. ಹಿಂದೆಯೇ ಅವನ ತಾಯಿ ಗಿರಿಜಮ್ಮ, ಗಂಡನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು.

ಇಸಿಜಿ ತೆಗೆದೆವು. ದೊಡ್ಡ ಹೃದಯಾಘಾತ. ಡ್ಯೂಟಿಯಲ್ಲಿದ್ದವರು ಡಾ. ಕಿರಣ್, ಆಗಷ್ಟೇ ಸೇರಿದ ಎಳೆಯ ಹುಡುಗ. ಕೊಡಬೇಕಾದ ಮಾತ್ರೆ, ಇಂಜೆಕ್ಷನ್ ಎಲ್ಲ ಸರಿಯಾಗಿಯೇ ಬರೆದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಶಿವಮೊಗ್ಗಕ್ಕೆ ಕಳಿಸಬೇಕು ಸಿಸ್ಟರ್, ಮನೆಯವರಿಗೆ ಹೇಳಿಬಿಡಿ" ಎಂದರು.

ಹೇಳಿದೆ. ಆಂಬುಲೆನ್ಸ್ ಬೆಳಿಗ್ಗೆಯೇ ಬೇರೆ ರೋಗಿಯನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿತ್ತು, ವಾಪಸು ಹೊರಟು ಆನಂದಪುರ ದಾಟಿತ್ತು. ಅದನ್ನೂ ಹೇಳಿದೆ. ಸತೀಶ ಬಾಗಿಲಿಗೂ ರಸ್ತೆಗೂ ಓಡಾಡುತ್ತಿದ್ದ. ಪ್ರತಿ ಸಲ ಒಳಗೆ ಬಂದಾಗಲೂ, "ಎಲ್ಲಿಗೆ ಬಂತಂತೆ ಸಿಸ್ಟರ್?" ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಫೋನು ಮಾಡಿ ಹೇಳುತ್ತಿದ್ದೆ. ಆಂಬುಲೆನ್ಸ್ ಬರುವ ಮೊದಲೇ ಅವನ ತಂದೆಯ ಹೃದಯ ನಿಂತಿತು. ಡಾ. ಕಿರಣ್, ವಾರ್ಡಿನ ಸಹಾಯಕ ರಾಜಪ್ಪ ಮತ್ತು ನಾನು ಸರದಿಯಲ್ಲಿ ಎದೆ ಒತ್ತಿದೆವು. ನಮ್ಮ ಬೆವರು ರೋಗಿಯ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಉಳಿಯಲಿಲ್ಲ.

ಕಿರಣ್ ಮುಖ ಬಿಳಿಚಿಕೊಂಡಿತ್ತು. ಹಿರಿಯ ಡಾಕ್ಟರಿಗೆ ಫೋನು ಮಾಡಬೇಕೆಂದು ಒಳಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಹೊರಗೆ ಹೋಗಿ ಹೇಳುವ ಕೆಲಸ ನನ್ನದಾಯಿತು.

"ಸತೀಶ, ಅಪ್ಪ ಹೋಗಿಬಿಟ್ರು ಕಣಪ್ಪ" ಎಂದೆ.

ಅವನು ಕೇಳಿಸಿಕೊಂಡ. ಕೂಗಲಿಲ್ಲ. ನನ್ನನ್ನು ದಾಟಿ ಒಳಕೋಣೆಯ ಬಾಗಿಲಿಗೆ ಹೋಗಿ ಒಮ್ಮೆ ಬಡಿದ. ಅದು ತೆರೆಯಲಿಲ್ಲ. ಅಲ್ಲೇ ರಾಜಪ್ಪ ನಿಂತಿದ್ದ, ಆರಡಿಯ ಆಳು. ಸತೀಶ ಅವನ ತೋಳನ್ನು ಮೆಲ್ಲಗೆ ಮುಟ್ಟಿ, "ಸ್ವಲ್ಪ ಸರೀರಿ" ಎಂದ. ಅದು ನನಗೆ ಸರಿಯಾಗಿ ನೆನಪಿದೆ, ಅಷ್ಟು ಮರ್ಯಾದೆಯಿಂದ ಹೇಳಿದ. ಮತ್ತೆ ನನ್ನ ಹತ್ತಿರ ಬಂದ. "ನೀವೇ ಕೊಂದ್ರಿ" ಎಂದು ಎರಡೂ ಕೈಯಿಂದ ಎದೆಗೆ ನೂಕಿದ.

ನಾನು ಹಿಂದಕ್ಕೆ ಬಿದ್ದದ್ದು ಆಕ್ಸಿಜನ್ ಸಿಲಿಂಡರಿನ ಮೇಲೆ. ಬಲಗೈ ಅಡಿಗೆ ಸಿಕ್ಕಿತು. ಮೂಳೆ ಮುರಿದ ಸದ್ದನ್ನು ನಾನು ಬೇರೆಯವರ ಮೈಯಲ್ಲಿ ಕೇಳಿದ್ದೆ. ನಮ್ಮದೇ ಮೈಯಲ್ಲಿ ಅದು ಒಳಗಿನಿಂದ ಕೇಳುತ್ತದೆ. ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಗಿರಿಜಮ್ಮ ಚಪ್ಪಲಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು.

ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ನಮ್ಮ ಹುಡುಗಿಯರು ಕಪ್ಪು ಪಟ್ಟಿ ಕಟ್ಟಿಕೊಂಡು ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತರು. ಆಮೇಲೆ ಮನೆಗೆ ಜನ ಬರತೊಡಗಿದರು. ಬಸ್ಸಿನ ಮಾಲೀಕರು ಹಣ್ಣು ತಂದರು. ಊರಿನ ಒಬ್ಬ ಮುಖಂಡರು ಜೊತೆಗೆ ನಾಲ್ಕು ಜನರನ್ನು ತಂದರು. ನಮ್ಮ ಆಡಳಿತ ನೋಡುವ ಡಾಕ್ಟರು, "ಬಿಟ್ಟುಬಿಡಿ ಸಿಸ್ಟರ್, ನಿಮಗೂ ಕೋರ್ಟಿಗೆ ಅಲೆಯೋದು ಕಷ್ಟ" ಎಂದರು. ನಮ್ಮ ಮನೆಯವರೂ, "ನಾಳೆ ಅದೇ ಬಸ್ಸಲ್ಲಿ ಓಡಾಡೋಳು ನೀನು" ಎಂದರು. ಬಂದವರೆಲ್ಲ ಮಾತು ಕಲಿತುಕೊಂಡು ಬಂದವರಂತೆ ಒಂದೇ ವಾಕ್ಯ ಹೇಳುತ್ತಿದ್ದರು: "ಅಪ್ಪ ಸತ್ತ ಸಂಕಟ, ಹುಡುಗನಿಗೆ ಕಣ್ಣು ಕಾಣ್ಲಿಲ್ಲ."

ನನ್ನನ್ನು ಕಾಡುತ್ತಿದ್ದದ್ದು ಅದೇ. ಕಣ್ಣು ಕಾಣದವನು ಮುಚ್ಚಿದ ಬಾಗಿಲಿನಿಂದ ಹಿಂದಿರುಗಿದ್ದು ಹೇಗೆ? ರಾಜಪ್ಪನಿಗೆ ಬಹುವಚನ ಹಚ್ಚಿದ್ದು ಹೇಗೆ? ಮನೆಯಲ್ಲಿ ಕೈ ಜೋತುಬಿಟ್ಟುಕೊಂಡು ಕೂತವಳಿಗೆ ಬೇರೆ ಯೋಚನೆಯೇ ಬರುತ್ತಿರಲಿಲ್ಲ. ಅವನಿಗೆ ಶಿಕ್ಷೆಯಾಗಲಿ ಎಂಬುದಕ್ಕಿಂತ ಹೆಚ್ಚಾಗಿ, ಆ ನಿಮಿಷದಲ್ಲಿ ಅವನೊಳಗೆ ಏನು ನಡೆಯಿತು ಎಂದು ತಿಳಿಯಬೇಕಿತ್ತು.

"ರಾಜಿಗೆ ಕೂರ್ತೀನಿ. ಆದ್ರೆ ಅವನಿಗೆ ಒಂದು ಮಾತು ಕೇಳ್ಬೇಕು" ಎಂದೆ. ಎಲ್ಲರಿಗೂ ಸಂತೋಷವಾಯಿತು.

ಆಸ್ಪತ್ರೆಯ ಕೋಣೆಯೊಂದರಲ್ಲಿ ಸೇರಿದೆವು. ಮುಖಂಡರು, ಆಡಳಿತದ ಡಾಕ್ಟರು, ಡಾ. ಕಿರಣ್, ನಮ್ಮ ಮನೆಯವರು. ಸತೀಶ ತಲೆ ಬೋಳಿಸಿಕೊಂಡಿದ್ದ, ತಂದೆಯ ಕಾರ್ಯ ಮುಗಿದಿತ್ತು. ಪಕ್ಕದಲ್ಲಿ ಗಿರಿಜಮ್ಮ. ಮುಖಂಡರು, "ಕಾಲಿಗೆ ಬೀಳೋ" ಎಂದರು. ಅವನು ಬಗ್ಗಿದ. ನಾನು ಕಾಲು ಹಿಂದೆಳೆದುಕೊಂಡೆ.

"ಬೀಳೋದು ಬೇಡ. ಕೂತ್ಕೋ. ಸತೀಶ, ಆವತ್ತು ನೀನು ಬಾಗಿಲು ಬಡಿದೆ, ವಾಪಸು ಬಂದೆ. ರಾಜಪ್ಪಂಗೆ ಸರೀರಿ ಅಂದೆ. ಗೇಟಲ್ಲಿ ಸೆಕ್ಯೂರಿಟಿ ಇದ್ದ. ಅಷ್ಟು ಜನರನ್ನ ಬಿಟ್ಟು ನನ್ನ ಹತ್ರ ಯಾಕೆ ಬಂದೆ?"

"ತಪ್ಪಾಯ್ತು ಸಿಸ್ಟರ್."

"ತಪ್ಪಿನ ಮಾತಲ್ಲ. ನಂಗೆ ಗೊತ್ತಾಗ್ಬೇಕು. ಯಾಕೆ ನಾನು?"

"ಇದೆಲ್ಲ ಎಂತಕ್ಕಮ್ಮ ಈಗ?" ಎಂದು ಮುಖಂಡರು ನಡುವೆ ಬಂದರು. ಸತೀಶ ನೆಲ ನೋಡುತ್ತಿದ್ದ. ಅವನು ಹೇಳುವುದಿಲ್ಲ ಎಂದೇ ಅಂದುಕೊಂಡೆ.

"ನೀವೊಬ್ರೇ ಮಾತಾಡ್ತಿದ್ರಿ" ಎಂದ. "ಬಂದಾಗಿಂದ ನಂಗೆ ಉತ್ತರ ಕೊಟ್ಟಿದ್ದು ನೀವೊಬ್ರೇ. ಡಾಕ್ಟ್ರು ಒಳಗೆ ಹೋದ್ರು. ನೀವು ಅಲ್ಲೇ ಇದ್ರಿ."

ಡಾ. ಕಿರಣ್ ಕಿಟಕಿಯ ಕಡೆ ತಿರುಗಿಕೊಂಡರು. ಆಗ ಅದುವರೆಗೆ ಬಾಯಿ ಬಿಡದಿದ್ದ ಗಿರಿಜಮ್ಮ ಮಾತಾಡಿದರು. ಯಾರಿಗೂ ಅಲ್ಲ, ತಮಗೆ ತಾವೇ ಹೇಳಿಕೊಂಡಂತೆ.

"ಇವ್ನ ಅಪ್ಪಂದೂ ಹಂಗೇ ಆಗಿತ್ತು. ಹೊರಗೆ ಯಾರೋ ಎಂತದೋ ಅಂದಿರ್ತಿದ್ರು, ಮನಿಗೆ ಬಂದು ಹೊಡೀತಿದ್ರು. ದನ ಓಡ್ತಿತ್ತು, ನಾಯಿ ಓಡ್ತಿತ್ತು, ಮಕ್ಳೂ ಓಡ್ತಿದ್ವು. ಒಲೆ ಮೇಲೆ ಅನ್ನ ಇಟ್ಕಂಡು ನಾನೆಲ್ಲಿಗೆ ಓಡ್ಲಿ? ಓಡ್ದೆ ನಿಂತೋರಿಗೇ ಬೀಳೋದು."

"ಅಮ್ಮಾ" ಎಂದ ಸತೀಶ.

"ಇವ್ನು ಸಣ್ಣೋನಿದ್ದಾಗ ನನ್ನ ಬೆನ್ನಿಗೆ ಅರಿಶಿನ ಹಚ್ತಿದ್ದ" ಎಂದು ಮುಗಿಸಿ ಸೆರಗು ಸರಿಮಾಡಿಕೊಂಡರು.

ಯಾರ ಎದೆಯನ್ನು ನಾನು ಬೆವರು ಸುರಿಸಿ ಒತ್ತಿದ್ದೆನೋ ಆ ಮನುಷ್ಯನ ಮುಖ ಕಣ್ಣೆದುರು ಬಂತು. ಅವರ ಬಗ್ಗೆ ನನಗೆ ಏನೆನಿಸಬೇಕು ಎಂಬುದೇ ತಿಳಿಯಲಿಲ್ಲ. ಇಷ್ಟು ವರ್ಷ ನಾನು ಹೊಡೆಯುವ ಕೈಯನ್ನು ನೋಡುತ್ತಿದ್ದೆ. ನಿಂತುಕೊಂಡವರ ಕಡೆಯಿಂದ ಯಾರೂ ಅದನ್ನು ನನಗೆ ಇಷ್ಟು ಸರಳವಾಗಿ ಹೇಳಿರಲಿಲ್ಲ.

ಮುಖಂಡರು ಗಂಟಲು ಸರಿಮಾಡಿಕೊಂಡು, "ಆಯ್ತಲ್ಲ, ಕೇಳಿದ್ದಾಯ್ತು. ಈಗ ಕೇಸು ವಾಪಸ್ ತಗಳಿ" ಎಂದರು.

"ತಗೊಳ್ಳೋದಿಲ್ಲ" ಎಂದೆ.

ನಮ್ಮ ಮನೆಯವರೇ ನನ್ನನ್ನು ಬೆರಗಿನಿಂದ ನೋಡಿದರು. ನಾನೂ ಅದನ್ನು ತೀರ್ಮಾನಿಸಿಕೊಂಡು ಹೋದವಳಲ್ಲ. "ಸತೀಶ, ನಿನ್ನ ಮೇಲೆ ನಂಗೆ ಈಗ ಸಿಟ್ಟಿಲ್ಲ. ನಿಜ ಹೇಳ್ದೆ. ಆದ್ರೆ ನಾಳೆ ಆ ಜಾಗದಲ್ಲಿ ಮಾತಾಡ್ತಾ ನಿಂತಿರೋಳು ಬೇರೆ ಹುಡುಗಿ ಆಗಿರ್ತಾಳೆ. ನಾನು ಬಿಟ್ಟುಕೊಟ್ರೆ ಅವಳು ಮಾತಾಡೋದೇ ಬಿಡ್ತಾಳೆ. ಅವಳೂ ಒಳಗೆ ಹೋಗಿ ಬಾಗಿಲು ಹಾಕ್ಕೊತಾಳೆ" ಎಂದೆ. ಮುಖಂಡರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಅವರ ಕಿವಿ ನೋಡಿದೆ, ಚೆನ್ನಾಗಿಯೇ ಕೆಂಪಾಗಿತ್ತು.

ಪ್ಲಾಸ್ಟರ್ ಬಿಚ್ಚಿ ಕೆಲಸಕ್ಕೆ ಹೋದ ಮೊದಲ ದಿನ ಡಾ. ಕಿರಣ್ ನನ್ನ ಮೇಜಿನ ಹತ್ತಿರ ಬಂದರು. "ಸಿಸ್ಟರ್, ಹೊರಗೆ ಬಂದು ಏನು ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ. ಕಾಲೇಜಲ್ಲಿ ಯಾರೂ ಹೇಳಿಕೊಟ್ಟಿಲ್ಲ" ಎಂದರು. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಇಬ್ಬರೂ ಕೂತು ಯೋಚಿಸಿದೆವು. ರೆಫರ್ ಎಂಬ ಪದವನ್ನು ಡಾಕ್ಟರೇ ಹೇಳಬೇಕು, ನರ್ಸು ಜೊತೆಗಿರಬೇಕು. ನಿಲ್ಲಿಸಿ ಹೇಳಬಾರದು, ಕೂರಿಸಿ ಹೇಳಬೇಕು. ಹೇಳಲು ಏನೂ ಇಲ್ಲದಿದ್ದರೂ ಆಗಾಗ ಹೊರಗೆ ಬಂದು ಮುಖ ತೋರಿಸಬೇಕು. ಎದೆ ಒತ್ತುವಾಗ ಮನೆಯವರಲ್ಲಿ ಒಬ್ಬರನ್ನು ಒಳಗೆ ಬಿಟ್ಟುಕೊಳ್ಳಬೇಕು. ನಾವು ಒದ್ದಾಡಿದ್ದನ್ನು ಕಂಡವರು ಕೊಂದಿರಿ ಎನ್ನುವುದು ಕಡಿಮೆ. ಈ ಕೊನೆಯದಕ್ಕೆ ಹಿರಿಯ ಡಾಕ್ಟರು ಬಹಳ ದಿನ ಒಪ್ಪಲಿಲ್ಲ.

ಕೆಲವು ತಿಂಗಳ ಮೇಲೆ ಅಂಥದ್ದೇ ಇನ್ನೊಂದು ಸಾವು. ಹೊರಗೆ ಹೋಗಿ ಹೇಳಲು ನಾನು ಎದ್ದೆ. "ನಾನು ಹೇಳ್ತೀನಿ, ನೀವು ಪಕ್ಕದಲ್ಲಿರಿ" ಎಂದು ಕಿರಣ್ ಹೊರಗೆ ಬಂದರು. ಸತ್ತವರ ತಮ್ಮ ಅವರ ಕಾಲರ್ ಹಿಡಿದುಕೊಂಡ. ಗುಂಡಿ ಕಿತ್ತುಹೋಯಿತು. ಕಿರಣ್ ಹಿಂದೆ ಸರಿಯಲಿಲ್ಲ. "ನಾನು ಇಲ್ಲೇ ಇದೀನಿ. ಏನು ಕೇಳ್ಬೇಕೋ ಕೇಳಿ" ಎಂದರು, ಎರಡು ಸಲ. ಆತ ಕಾಲರ್ ಬಿಡಲೂ ಇಲ್ಲ, ಹೊಡೆಯಲೂ ಇಲ್ಲ. ಹಾಗೆಯೇ ಹಿಡಿದುಕೊಂಡು ಅಳತೊಡಗಿದ. ಆಮೇಲೆ ಕಿರಣ್ ನನ್ನ ಹತ್ತಿರ ಸೂಜಿ ದಾರ ಕೇಳಿದರು. ಮೂರು ಸಲ ಯತ್ನಿಸಿದರೂ ದಾರ ಸೂಜಿಯ ಕಣ್ಣಿಗೆ ಹೋಗದ್ದರಿಂದ ಗುಂಡಿಯನ್ನು ನಾನೇ ಹೊಲಿದುಕೊಟ್ಟೆ.

ಪ್ರತಿ ಸಲವೂ ಹೀಗೆ ಆಯಿತೆಂದು ತಿಳಿಯಬೇಡಿ. ಎಲ್ಲವನ್ನೂ ಸರಿಯಾಗಿ ಮಾಡಿದ ಒಂದು ದಿನ ಕುರ್ಚಿ ಹಾರಿ ಕಿಟಕಿಯ ಗಾಜು ಪುಡಿಯಾಯಿತು, ನಮ್ಮ ಹುಡುಗಿಯೊಬ್ಬಳ ಭುಜಕ್ಕೆ ಏಟಾಯಿತು. ಒಳ್ಳೆಯ ಮಾತಿನಿಂದ ಎಲ್ಲವೂ ನಿಲ್ಲುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ, ಏಟು ಬಿದ್ದರೆ ನಿಮ್ಮ ಮಾತಿನಲ್ಲೇ ಏನೋ ಕೊರತೆ ಇತ್ತು ಎಂದು ಹೇಳಿದರೂ ನಂಬಬೇಡಿ.

ಕೇಸು ವಾಯಿದೆಯ ಮೇಲೆ ವಾಯಿದೆಯಾಗಿ ಎಳೆಯುತ್ತಲೇ ಹೋಯಿತು. ನಡುವೆ ನಾನು ನಿವೃತ್ತಳಾದೆ. ಸೆಕ್ಯೂರಿಟಿಯವನು ಟೀ ಕುಡಿಯಲು ಹೋಗಿದ್ದೆ ಎಂದ. ರಾಜಪ್ಪ, "ನಾನು ಆ ಕಡೆ ತಿರುಗಿದ್ದೆ ಸ್ವಾಮಿ" ಎಂದು ಹೇಳಿ ನನ್ನ ಮುಖ ನೋಡದೆ ಕಟಕಟೆಯಿಂದ ಇಳಿದ. ಸಿಸಿಟಿವಿ ಆ ದಿನ ಕೆಟ್ಟಿತ್ತು. ಮೊಬೈಲು ಹಿಡಿದವರು ಯಾರೆಂದೇ ಗೊತ್ತಾಗಲಿಲ್ಲ. ಕೇಸು ನಿಲ್ಲುವುದಿಲ್ಲ ಎಂದು ಸರ್ಕಾರಿ ವಕೀಲರೇ ನನಗೆ ಸೂಚನೆ ಕೊಟ್ಟಿದ್ದರು.

ಮುಂದಿನ ವಾಯಿದೆಯ ದಿನ ಸತೀಶ ಎದ್ದು ನಿಂತ. "ನೂಕಿದ್ದು ನಾನೇ ಸ್ವಾಮಿ" ಎಂದ. ಅವನ ವಕೀಲರು ಅವನ ತೋಳು ಹಿಡಿದು ಜಗ್ಗಿದರು. "ನೂಕಿದ್ದು ನಾನೇ" ಎಂದು ಇನ್ನೊಮ್ಮೆ ಹೇಳಿದ. ನ್ಯಾಯಾಧೀಶರು ದಂಡ ಹಾಕಿ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ನನಗೆ ಗೆದ್ದೆ ಎನಿಸಲಿಲ್ಲ. ಆದರೆ ನಡೆದದ್ದು ನಡೆಯಿತು ಎಂದು ಒಂದು ಕಡೆ ದಾಖಲಾಯಿತು. ನನ್ನ ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ, ಒದ್ದೆ ಬಟ್ಟೆ ಹಿಂಡಲು ಆಗುವುದಿಲ್ಲ. ಅದು ಸುಳ್ಳಲ್ಲ ಎಂದು ಯಾರೋ ಒಪ್ಪಿಕೊಂಡ ಹಾಗಾಯಿತು.

ಅವನು ಯಾಕೆ ಒಪ್ಪಿಕೊಂಡ ಎಂಬ ಕುತೂಹಲ ಮಾತ್ರ ಹೋಗಲಿಲ್ಲ. ಕೋರ್ಟಿನಿಂದ ಬಸ್ ಸ್ಟ್ಯಾಂಡಿಗೆ ಬಂದರೆ ಅಲ್ಲಿ ಗಿರಿಜಮ್ಮ ಒಬ್ಬರೇ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

"ನಾನೇ ಹೇಳಿದ್ದೆ ಅವಂಗೆ" ಎಂದರು, ನಾನು ಕೇಳುವ ಮೊದಲೇ. "ಕೋರ್ಟಲ್ಲಿ ನನ್ನ ಕರದ್ರೆ ಕಂಡಿದ್ದು ಹೇಳ್ತೀನಿ ಮಗಾ, ಅದ್ಕಿಂತ ನೀನೇ ಹೇಳೋದು ಚಲೋ ಅಂತ. ಎರಡು ದಿನ ಊಟ ಬಿಟ್ಟ. ಆಮೇಲೆ ಹೂಂ ಅಂದ."

"ನಿಮಗೆ ಹೆದ್ರಿಕೆ ಆಗ್ಲಿಲ್ವಾ ಗಿರಿಜಮ್ಮ?"

"ಆಯ್ತು. ಆದ್ರೆ ನೀವು ಆವತ್ತು ಕೇಸು ವಾಪಸ್ ತಗಳಲ್ಲ ಅಂದ್ರಲ್ಲ, ಅಷ್ಟು ಗಂಡಸರ ಮಧ್ಯೆ ಕೂತ್ಕಂಡು. ಹಂಗೆ ಅನ್ಬೋದು ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಆಮೇಲೆ ದನಿ ತಗ್ಗಿಸಿ ಕೇಳಿದರು. "ಸಿಸ್ಟ್ರೇ, ಇದು ಆಸ್ಪತ್ರೇಲಿ ಹೊಡದ್ರೆ ಮಾತ್ರನಾ? ಮನೇಲಿ ಹೊಡದ್ರೂ ಹಿಂಗೇ ಕೇಸು ಹಾಕ್ಬೋದಾ?"

"ಹಾಕ್ಬೋದು." ನನಗೆ ಗಾಬರಿಯಾಯಿತು. "ಯಾಕೆ, ಸತೀಶ ಏನಾದ್ರೂ..."

"ಇಲ್ಲಪ್ಪ, ಅವ್ನು ಎಂತಾ ಮಾಡಲ್ಲ. ಸುಮ್ನೆ ಕೇಳ್ದೆ."

ಅವರ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತರು. ಡ್ರೈವರು ಎಂಜಿನ್ ಚಾಲೂ ಮಾಡಿದ. ಗಿರಿಜಮ್ಮ ಎದುರಿನ ಸೀಟಿನ ಬೆನ್ನು ನೋಡುತ್ತ ಏನನ್ನೋ ಲೆಕ್ಕ ಹಾಕುತ್ತಿರುವಂತಿತ್ತು. ಇದ್ದಕ್ಕಿದ್ದಂತೆ ಕಿಟಕಿಯ ಸರಳಿಗೆ ಮುಖ ತಾಗಿಸಿ ನನ್ನನ್ನು ಕರೆದರು.

"ಸಿಸ್ಟ್ರೇ! ಸತ್ತೋರ ಮೇಲೂ ಹಾಕ್ಬೋದಾ?"

ಪಕ್ಕದಲ್ಲಿ ಕೂತಿದ್ದವರು ತಿರುಗಿ ನೋಡಿದರು. ತಾವು ಕೇಳಿದ್ದು ತಮಗೇ ಕೇಳಿಸಿತೇನೋ, ಗಿರಿಜಮ್ಮನಿಗೆ ನಗು ಬಂತು. ಬಾಯಿಗೆ ಸೆರಗು ಹಿಡಿದರೂ ತಡೆಯಲಾಗಲಿಲ್ಲ, ಭುಜ ಕುಣಿಯುವಷ್ಟು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಗುವ ತನಕ ಆ ಕಿಟಕಿಯನ್ನೇ ನೋಡುತ್ತ ನಿಂತಿದ್ದೆ, ಅವರು ಆಗಲೂ ನಗುತ್ತಲೇ ಇದ್ದರೋ ಅಥವಾ ಅದು ಬೇರೆ ಏನಾದರೂ ಆಗಿತ್ತೋ ಎಂದು.